ನಡೆಯುತ್ತಿರುವ ವರ್ತಮಾನ

ಐದನೇ ಕ್ಲಾಸಿನಲ್ಲಿ ಹದಿನಾಲ್ಕು ಮಕ್ಕಳು, ಮನೆಮಾತು ಆರು.
ದೇಚವ್ವನದು ಕೊಡವ ತಕ್ಕ್, ಸುಹರಾಳದು ಮಲಯಾಳ,
ಲೈನ್‌ಮನೆಯ ಸೆಲ್ವಿಗೆ ತಮಿಳು, ಬೊಳಕನಿಗೆ ಎರವರ ಮಾತು,
ಭಾಗಮಂಡಲದ ಕಡೆಯ ಲವಿತನಿಗೆ ಅರೆಭಾಷೆ.
ಕಾಫಿ ಕೊಯ್ಲಿಗೆಂದು ಅಸ್ಸಾಮಿನಿಂದ ಬಂದವರ ಮಗಳು
ರುಪ್‌ಜಾನ್ ಆಡುವುದು ಏನೆಂದು
ಡಿಸೆಂಬರ್ ಮುಗಿದರೂ ಗೊತ್ತಾಗಲಿಲ್ಲ.
ಅವಳು ಆಡಿಯೇ ಇರಲಿಲ್ಲ.

ಕನ್ನಡವೇ ಇಲ್ಲಿ ಎರಡನೆಯದು,
ಇಂಗ್ಲಿಷು ಅದರಾಚೆಯ ಸೋಲಾರ್ ಬೇಲಿ.
ನನಗೂ, ಹೇಳಿಬಿಡುತ್ತೇನೆ, ಅಷ್ಟಕ್ಕಷ್ಟೆ.
ಶನಿವಾರಸಂತೆಯಲ್ಲಿ ಓದಿದವಳು ನಾನು,
ಇಸ್ಕೂಲ್ ಅಂದು ಬಿ.ಎಡ್. ಮೇಡಂ ಎದುರು ಬೆವೆತವಳು.

ಹಾಡಿನಿಂದ ಕಲಿಸಿ, ಅಂದರು ಮಡಿಕೇರಿಯ ತರಬೇತಿಯಲ್ಲಿ.
ಒಂದು ಪೆನ್‌ಡ್ರೈವ್ ಕೊಟ್ಟರು.
ಅದರೊಳಗೆ ಹಿಮ, ಉಗಿಬಂಡಿ, ಬಿಳಿ ಮೊಲದ ಮದುವೆ.
ಶಾಲೆಯ ಕಂಪ್ಯೂಟರಿನೊಳಗೆ ಇರುವೆ ಗೂಡು.

ಹಾಗಾಗಿ ರಾಗ ಕದ್ದೆ.
ಹನ್ನೊಂದಕ್ಕೆ ಬರುವ ಮೀನಿನ ಆಲಿಕುಟ್ಟಿಯ ಸ್ಕೂಟರ್ ಹಾರ್ನಿನಿಂದ:
ಪೋಂ, ಪೊಪೋಂ, ಪೋಂ.
ಅದರ ಮೇಲೆ ಕ್ರಿಯಾಪದ ಜೋಡಿಸಿದೆ,
ಅವನು ಬುಟ್ಟಿಯಲ್ಲಿ ಮತ್ತಿ ಜೋಡಿಸುವ ಹಾಗೆ, ತಲೆಗೆ ತಲೆ, ಬಾಲಕ್ಕೆ ಬಾಲ.
ಐ ಯಾಮ್ ಕಮಿಂಗ್. ಯೂ ಆರ್ ಕಮಿಂಗ್.
ವೀ ಆರ್ ಕಮಿಂಗ್, ವೀ ಆರ್ ಕಮಿಂಗ್.
ಮಕ್ಕಳು ವ್ಯಾಕರಣವನ್ನು ಮುಳ್ಳು ಸಮೇತ ನುಂಗಿದರು.
ಆಲಿಕುಟ್ಟಿ ಗಾಬರಿಯಾಗಿ ಎರಡು ದಿನ ಹಾರ್ನ್ ಮಾಡಲಿಲ್ಲ.

ಸಿ.ಆರ್.ಪಿ. ಸಾಹೇಬರು ಬಂದು ಬೊಳಕನನ್ನು ಎಬ್ಬಿಸಿದರು.
ಅವನು ಕಣ್ಣು ಮುಚ್ಚಿ ಹಾಡಿದ, ಪೂರ್ತಿ.
ರಾಗ ಬಿಟ್ಟು ಹೇಳು ಮರಿ, ಅಂದರು.
ಬೊಳಕ ಬಾಯಿ ತೆರೆದ. ಗೋಡೆ ನೋಡಿದ. ಕೂತ.
ರಿಜಿಸ್ಟರಿನಲ್ಲಿ ಬರೆದು ಹೋದರು:
ಮಕ್ಕಳು ಹಾಡುತ್ತಾರೆ, ಮಾತಾಡುವುದಿಲ್ಲ.

ರಾತ್ರಿಯಿಡೀ ಅದೇ ಸಾಲು.
ಪಲ್ಪರಿಗೆ ಹಾಕಿದರೆ ಹಣ್ಣಿನ ಸಿಪ್ಪೆಯೇನೋ ಹೋಗುತ್ತದೆ,
ಬೀಜದ ಮೈಗೆ ಲೋಳೆ ಉಳಿಯುತ್ತದಲ್ಲ,
ಅದಕ್ಕೆ ತೊಟ್ಟಿಯಲ್ಲಿ ಒಂದು ರಾತ್ರಿಯಾದರೂ ಬೇಡವೆ?
ಸಾಹೇಬರಿಗೆ ಈ ಮಾತು ಹೊಳೆದದ್ದು ಬೆಳಗಿನ ಜಾವ,
ಹೇಳಲು ಯಾರೂ ಇಲ್ಲದಾಗ.

ಜನವರಿ ಹತ್ತೊಂಬತ್ತು. ಮೊಬೈಲಿಗೆ ಅರಣ್ಯ ಇಲಾಖೆಯ ವರ್ತಮಾನ:
ಗುಹ್ಯದ ಕಡೆ ಏಳು ಆನೆ, ಜೊತೆಗೆ ಒಂದು ಮರಿ.
ಮೂರಕ್ಕೇ ಶಾಲೆ ಬಿಟ್ಟು
ಸಿದ್ದಾಪುರ ರಸ್ತೆಯತನಕ ಮಕ್ಕಳ ಜೊತೆ ನಡೆದೆ.
ತೋಟದ ದಾರಿ. ಮುರಿದ ಸಿಲ್ವರ್ ಓಕ್.
ಲದ್ದಿ, ಇನ್ನೂ ಬಿಸಿ, ಅದರಲ್ಲಿ ಇಡಿಯಾಗಿ ಕಾಫಿ ಬೀಜ.
ಬೇರೆ ದಿನ ತಟ್ಟೆ ಬಡಿಯುತ್ತಿದ್ದರು. ಇವತ್ತು ಕೈ ಏಳಲಿಲ್ಲ.

ತಿರುವಿನಲ್ಲಿ ರುಪ್‌ಜಾನ್ ಸಾಲು ಬಿಟ್ಟು ಮುಂದೆ ಹೋದಳು.
ವೀ ಆರ್ ಕಮಿಂಗ್, ಅಂದಳು.
ಅಂದಳಲ್ಲ, ಹಾಡಿದಳು.
ಆಲಿಕುಟ್ಟಿಯ ಹಾರ್ನಲ್ಲ ಅದು. ಬೇರೆ ಯಾವುದೋ ರಾಗ,
ಅಗಲವಾದ ಹೊಳೆಯಲ್ಲಿ ದೋಣಿಯ ಮೇಲೆ ನಿಂತು
ಆಚೆ ದಡದವರನ್ನು ಕೂಗುವಂಥದ್ದು.
ಹದಿಮೂರು ಜನ ಅವಳ ರಾಗ ಹಿಡಿದರು.
ನಾನೂ.

ಒಳಗೆ ಮೆಣಸಿನ ಬಳ್ಳಿ ಅಲುಗಿತು. ಏನೋ ಒಂದು ದೊಡ್ಡದು
ನಮ್ಮ ಮಾತು ಕೇಳಿಸಿಕೊಂಡು
ಆತುರವಿಲ್ಲದೆ ಹೊಳೆಯ ಕಡೆ ಇಳಿಯಿತು.

ಆನೆಗೆ ಇಂಗ್ಲಿಷ್ ಬರ್ತದಾ ಮಿಸ್?
ಕೇಳಿದವನು ಬೊಳಕ.
ನನಗಿಂತ ಮೊದಲು ಸೆಲ್ವಿ: ಬರ್ತದೆ. ಬರೆಯೋಕೆ ಬರಲ್ಲ.

ಮಾರ್ಚಿ ಬಂತು, ಕೊಯ್ಲು ಮುಗಿಯಿತು.
ಒಂದು ಸೋಮವಾರ ರುಪ್‌ಜಾನಳ ಜಾಗದಲ್ಲಿ
ಲವಿತ ತನ್ನ ಚೀಲ ಇಟ್ಟುಕೊಂಡಿದ್ದ.
ಲೈನ್‌ಮನೆ ಖಾಲಿ, ಲಾರಿ ಎಲ್ಲಿಗೆ ಹೋಯಿತೋ ರೈಟರಿಗೂ ಗೊತ್ತಿಲ್ಲ.
ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹೊಡೆಯಲಿಲ್ಲ.

ಆಗ ನೆನಪಾಯಿತು, ನನ್ನ ಹಾಡಿನಲ್ಲಿ
ನಾನು ಇದ್ದೆ, ನೀನು ಇದ್ದೆ, ನಾವೆಲ್ಲ ಇದ್ದೆವು,
ಅವಳು ಇರಲಿಲ್ಲ. ಹಾರ್ನಿಗೆ ಕೂರದೆಂದು ಬಿಟ್ಟಿದ್ದೆ.
ಬೋರ್ಡಿನ ಮೇಲೆ ಬರೆದೆ: ಶೀ ಈಸ್.
ಮುಂದಿನದಕ್ಕೆ ಸೀಮೆಸುಣ್ಣ ಎತ್ತಿದವಳು ಹಾಗೇ ನಿಂತೆ.

ಕಮಿಂಗ್, ಅಂದ ಬೊಳಕ.
ರಾಗವಿಲ್ಲದೆ, ಬಾಗಿಲು ನೋಡುತ್ತ.
ಅವನಿಗೆ ಬರುವ ಕ್ರಿಯಾಪದ ಅದೊಂದೇ.
ತಿದ್ದಲಿಲ್ಲ.